ಬಣ್ಣ ಆಮೇಲೆ

ಗಾಳಿ ಬೆನ್ನಿಗಿದೆ. 1867ರ ಜನವರಿ. ಲಕ್ಸರ್ ದಾಟಿದ ದಹಬಿಯಾ ಅಸ್ವಾನ್ ಕಡೆಗೆ ಹೊರಟಿದೆ. ಪ್ರವಾಸಿಗರು ತಿಂಗಳುಗಟ್ಟಲೆ ಬಾಡಿಗೆಗೆ ಹಿಡಿಯುವ ಮನೆದೋಣಿ ಅದು. ನೈಲ್ ಉತ್ತರಕ್ಕೆ ಹರಿಯುತ್ತದೆ, ಗಾಳಿ ಬಹುಮಟ್ಟಿಗೆ ಉತ್ತರದಿಂದಲೇ ಬೀಸುತ್ತದೆ. ಹೋಗುವಾಗ ಹಾಯಿ, ಬರುವಾಗ ಹೊಳೆಯ ಸೆಳೆತ ಮತ್ತು ಹುಟ್ಟು. ಅಂಬಿಗರಿಗೆ ಇಷ್ಟು ಅನುಕೂಲ ಮಾಡಿಕೊಡುವ ಹೊಳೆಗಳು ಅಪರೂಪ.

ನೀವು ಕೂತಿರುವುದು ಹಿಂಬದಿಯ ಕೋಣೆಗಳ ಚಾವಣಿಯ ಮೇಲೆ. ಮುಂದುಗಡೆ ಗಿಡ್ಡ ಹಾಯಿಕಂಬ. ಅದರ ನೆತ್ತಿಗೆ ಓರೆಯಾಗಿ ಕಟ್ಟಿದ ಗಳ ಮಾತ್ರ ದೋಣಿಯ ಉದ್ದಕ್ಕೇ ಪೈಪೋಟಿ ಕೊಡುವಂತಿದೆ. ತ್ರಿಕೋನದ ಹಾಯಿ ಅದಕ್ಕೆ ಜೋತುಬಿದ್ದು ಗಾಳಿ ತುಂಬಿಕೊಂಡಿದೆ. ಹಾಯಿಯ ಮೂಲೆಯ ಹಗ್ಗವನ್ನು ಎಲ್ಲಿಗೂ ಕಟ್ಟಿಲ್ಲ, ಒಬ್ಬಾತ ಕೈಯಲ್ಲೇ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾನೆ. ಬೆಟ್ಟದ ಸಂದಿನಿಂದ ಗಾಳಿ ನುಗ್ಗಿದರೆ ಆ ಕ್ಷಣವೇ ಬಿಟ್ಟುಬಿಡಬೇಕು. ಗಂಟು ಬಿಚ್ಚುತ್ತ ಕೂತರೆ ದೋಣಿ ಮಗುಚಿರುತ್ತದೆ.

ನಿಮ್ಮ ಪಕ್ಕದಲ್ಲಿರುವ ಗಡ್ಡದ, ಕನ್ನಡಕದ, 54ರ ದಡೂತಿ ಆಸಾಮಿ ಎಡ್ವರ್ಡ್ ಲಿಯರ್. ಮಕ್ಕಳಿಗೆ ಅಸಂಬದ್ಧ ಪದ್ಯ ಬರೆದು ಹೆಸರಾದವನು. ಇದೇ ವರ್ಷದ ಡಿಸೆಂಬರಿನಲ್ಲಿ ಅಂಥದೇ ಒಂದು ಪದ್ಯದಲ್ಲಿ ಗೂಬೆಯನ್ನೂ ಬೆಕ್ಕನ್ನೂ ದೋಣಿ ಹತ್ತಿಸಲಿದ್ದಾನೆ! ಹೊಟ್ಟೆಪಾಡಿಗೆ ಮಾತ್ರ ನಿಸರ್ಗಚಿತ್ರ.

ಆಚೆ ದಂಡೆಯ ಬದಿಗೆ ಇನ್ನೊಂದು ಹಾಯಿದೋಣಿ. ಲಿಯರ್‌ನ ಪೆನ್ಸಿಲ್ ಮೊದಲು ಹಾಯಿಯನ್ನು ಹಿಡಿಯುತ್ತದೆ, ಓರೆಯಾಗಿ ಒಂದು ಗೀಟು, ಅದರಡಿ ಒಂದು ಬಾಗು. ಆಮೇಲೆ ಖರ್ಜೂರದ ಮರಗಳು, ಹಿಂದಿನ ಬೋಳುಗುಡ್ಡ. ಬಣ್ಣದ ಪೆಟ್ಟಿಗೆ ಮುಚ್ಚಿಯೇ ಇದೆ. ಬಣ್ಣ ಕಲಸುವವರೆಗೆ ದೋಣಿ ಕಾಯುತ್ತದೆಯೇ? ಅದಕ್ಕೇ ಚಿತ್ರದ ಒಳಗೇ ಬರೆದುಕೊಳ್ಳುತ್ತಾನೆ: ಮರಳು ಎಂಥ ಹಳದಿ, ನೆರಳು ಎಷ್ಟು ನೀಲಿ, ನೀರು ಎಲ್ಲಿ ಕಂದು. ಮೂಲೆಯಲ್ಲಿ ಊರು, ತಾರೀಖು, ಗಳಿಗೆ, ಚಿತ್ರದ ಸಂಖ್ಯೆ. ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ತಿದ್ದುವುದು, ತೆಳುವಾಗಿ ಜಲವರ್ಣ ಹರಿಸುವುದು, ಎಲ್ಲ ಆಮೇಲಿನ ಕೆಲಸ.

ಅಂದರೆ ಅವನ ಚಿತ್ರಗಳಲ್ಲಿ ನಾವು ಕಣ್ತುಂಬಿಕೊಳ್ಳುವ ನೈಲ್‌ನ ಆ ಗುಲಾಬಿ ಬಣ್ಣ ಬಹುಪಾಲು ನೆನಪಿನದು. ಹೊಳೆಯ ಮೇಲೆ ನಿಜವಾಗಿ ಹುಟ್ಟಿದ್ದು ಈ ಗೀಚು, ಈ ಅಕ್ಷರ. ಅವನ ಲೆಕ್ಕದಲ್ಲಿ ಇವು ಮುಂದಿನ ದೊಡ್ಡ ಚಿತ್ರಗಳಿಗೆ ಬರೀ ಸರಕು. ನನಗಂತೂ ಅವನ ನೀಟಾದ ತೈಲಚಿತ್ರಗಳಿಗಿಂತ ಇವೇ ವಾಸಿ. ಅವುಗಳಲ್ಲಿ ದೋಣಿ ನಿಂತುಬಿಟ್ಟಿರುತ್ತದೆ.

ದಡ್! ತಳ ಮರಳದಿಣ್ಣೆಗೆ ತಾಗಿತು. ಹಗ್ಗ ಹಿಡಿದವನು ಕೈಬಿಟ್ಟ, ಹಾಯಿ ಪಟಪಟ ಬಡಿಯತೊಡಗಿತು. ರಯೀಸ್, ಅಂದರೆ ದೋಣಿಯ ಯಜಮಾನ, ಎಲ್ಲರನ್ನೂ ಒಟ್ಟಿಗೇ ಬೈಯುತ್ತಿದ್ದಾನೆ. ಕೆಲವರು ನೀರಿಗೆ ಧುಮುಕಿ ದೋಣಿಗೆ ಹೆಗಲು ಕೊಟ್ಟರೆ, ಕೆಲವರು ಉದ್ದನೆಯ ಗಳಗಳನ್ನು ಮರಳಿಗೆ ಊರಿ ತಳ್ಳುತ್ತಾರೆ. ಇಬ್ಬರು ಹಾಯಿ ಸುತ್ತಲು ಬರಿಗಾಲಲ್ಲಿ ಸರಸರನೆ ಹಾಯಿಯ ಗಳದ ಮೇಲೇರುತ್ತಾರೆ. ಲಿಯರ್ ಹೊಸ ಹಾಳೆ ಎತ್ತಿಕೊಂಡ. ಮನುಷ್ಯರ ಆಕೃತಿ ಅವನಿಗೆ ಅಷ್ಟಾಗಿ ಒಲಿದದ್ದಲ್ಲ. ಮೇಲೇರಿದ ಇಬ್ಬರೂ ಎರಡು ಚುಕ್ಕೆಗಳಾದರು, ಗಳ ಮಾತ್ರ ಸರಿಯಾಗಿ ಬಂತು.