ಮಗಳಿಗಿಂತ ಮೊದಲು ನಾನು ಹಾರಿದೆ

"ಟೀಚರ್, ಈ ಫೋಟೋದಾಗ ಇರೋರು ನೀವ ಏನ್ರಿ?"

ಏಳನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ನನಗೆ ನಾಚಿಕೆಯಾಯಿತು. ನನ್ನ ಮಗಳು ಯಾರಿಗೋ ಕಳಿಸಿದ ಫೋಟೊ ಮೂರು ದಿನಗಳಲ್ಲಿ ಬನಹಟ್ಟಿಯ ಅರ್ಧ ಊರು ಸುತ್ತಿ ನಮ್ಮ ಶಾಲೆಗೆ ಬಂದಿತ್ತು. ಅದರಲ್ಲಿ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಗಾಳಿಯಲ್ಲಿ ಕಾಲು ಇಳಿಬಿಟ್ಟು ಕುಳಿತವಳು ನಾನೇ. ಮದ್ರಸಾದಲ್ಲಿ ಓದಿ, ಆಮೇಲೆ ಮದುವೆಯಾಗಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿ, ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನಲವತ್ತನಾಲ್ಕರ ಹೆಂಗಸು. ಏಣಿಯ ನಾಲ್ಕನೇ ಮೆಟ್ಟಿಲಿಗೇ ಕಾಲು ನಡುಗುವವಳು.

ಸಹೋದರಿಯರೇ, ಇದು ನನ್ನ ಆಸೆಯಾಗಿರಲಿಲ್ಲ. ಆಸೆ ನನ್ನ ಮಗಳದು. ಅವಳಿಗೆ ಹತ್ತೊಂಬತ್ತು ವರ್ಷ, ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮೀರಜ್‌ನಲ್ಲಿರುವ ನನ್ನ ಅಕ್ಕನ ಮಕ್ಕಳು ಪಂಚಗಣಿಗೆ ಹೋಗಿ ಪ್ಯಾರಾಗ್ಲೈಡಿಂಗ್ ಮಾಡಿ ಬಂದದ್ದೇ ತಡ, ಇವಳಿಗೂ ಆ ಹುಚ್ಚು ಹತ್ತಿತು. ಗುಡ್ಡದ ಅಂಚಿನಿಂದ ಬಟ್ಟೆಯ ರೆಕ್ಕೆಯೊಂದನ್ನು ಬಿಚ್ಚಿಕೊಂಡು ಓಡುವುದು, ನೆಲ ಮುಗಿದ ಮೇಲೆ ಗಾಳಿಯಲ್ಲಿ ತೇಲುವುದು. ಹೊಸಬರ ಹಿಂದೆ ಕಲಿತ ಪೈಲಟ್ ಒಬ್ಬರಿರುತ್ತಾರೆ, ಇಬ್ಬರೂ ಒಂದೇ ರೆಕ್ಕೆಗೆ ಜೋತುಬಿದ್ದಿರುತ್ತಾರೆ. ಇದನ್ನು ಟ್ಯಾಂಡಮ್ ಎನ್ನುತ್ತಾರಂತೆ. ನಾನು "ನೋಡೋಣ" ಎಂದಿದ್ದೆ. ತಾಯಂದಿರ "ನೋಡೋಣ" ಎಂದರೆ ಏನೆಂದು ನಿಮಗೆ ಗೊತ್ತು.

ಅಷ್ಟರಲ್ಲಿ 2025ರ ಜನವರಿ 18ರ ಸುದ್ದಿ ಬಂತು. ಗೋವಾದ ಕೇರಿ ಗುಡ್ಡದಿಂದ ಹಾರಿದ ಪುಣೆಯ 27 ವರ್ಷದ ಯುವತಿ ಮತ್ತು ಅವಳ ಪೈಲಟ್ ಇಬ್ಬರೂ ಕಣಿವೆಗೆ ಬಿದ್ದು ಸತ್ತಿದ್ದರು. ಪೈಲಟ್‌ಗೆ ಪರವಾನಗಿ ಇರಲಿಲ್ಲವೆಂದು ಪತ್ರಿಕೆಗಳಲ್ಲಿ ಬಂತು. ಅದೇ ದಿನ ಹಿಮಾಚಲದ ಧರ್ಮಶಾಲಾ ಬಳಿ ಗುಜರಾತಿನ ಹುಡುಗಿಯೊಬ್ಬಳು ಹೀಗೆಯೇ ಸತ್ತಳು. ಅವಳ ವಯಸ್ಸು ಹತ್ತೊಂಬತ್ತು. ನಾನು ಪತ್ರಿಕೆಯನ್ನು ಮಗಳ ಮುಂದೆ ಇಟ್ಟು, "ಓದು. ಇನ್ನೊಮ್ಮೆ ಈ ಮಾತು ಎತ್ತಬೇಡ" ಎಂದೆ.

ಅವಳು ಓದಿದಳು. ಜಗಳ ಮಾಡಲಿಲ್ಲ. "ಅಮ್ಮೀ, ನೀನು ಯಾವುದನ್ನು ಬೇಡ ಅಂತೀ, ಅಪಾಯನೋ, ಆಸೆನೋ?" ಎಂದಷ್ಟೇ ಕೇಳಿ ಎದ್ದು ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಅಣ್ಣಂದಿರ ಜೊತೆ ಗಾಳಿಪಟ ಹಾರಿಸುತ್ತಿದ್ದೆ. ಕಾರಹುಣ್ಣಿಮೆ ಕಳೆದ ಮೇಲೆ ನಮ್ಮ ಕಡೆ ಬೀಸುವ ಗಾಳಿ ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿರಬೇಕು. ದಾರ ಕೈಯನ್ನು ಎಳೆಯುತ್ತಿದ್ದರೆ ಇಡೀ ಮೈ ಮೇಲೆ ಹೋದಂತಾಗುತ್ತಿತ್ತು. ಹನ್ನೆರಡಾದ ವರ್ಷ ಓಣಿಯ ಹಿರಿಯರೊಬ್ಬರು ಅಬ್ಬಾಗೆ ಏನೋ ಹೇಳಿದರು. ಅಬ್ಬಾ ಕೆಳಗಿನಿಂದಲೇ "ಇಳಿ" ಎಂದರು. ಇಳಿದೆ. ಆಮೇಲೆ ಆ ಏಣಿ ಹತ್ತಿದ್ದು ಹಪ್ಪಳ ಒಣಗಿಸಲಿಕ್ಕೆ ಮಾತ್ರ. ನನ್ನ ಕಾಲು ನಡುಗಲು ಶುರುವಾದದ್ದು ಯಾವಾಗಿನಿಂದ ಎಂದು ಅಂದು ಮೊದಲ ಸಲ ಲೆಕ್ಕ ಹಾಕಿದೆ.

ಬೆಳಿಗ್ಗೆ ಮನೆಯವರಿಗೆ ಹೇಳಿದೆ: "ಅವಳನ್ನು ಕಳಿಸೋದು ಬಿಡೋದು ಆಮೇಲೆ. ಅದು ಏನಂತ ನಾನು ಮೊದಲು ನೋಡಬೇಕು." ಅವರು ಚಹಾ ಕುಡಿಯುತ್ತಾ, "ದೂರದಿಂದ ನೋಡ್ತೀಯೋ, ಹಾರಿ ನೋಡ್ತೀಯೋ?" ಎಂದು ನಕ್ಕರು. ಅವರು ತಮಾಷೆಗೆ ಹೇಳಿದ್ದರು.

ಒಂದು ವಿಷಯ ಮಾತ್ರ ನನಗೆ ಖಚಿತವಾಗಿತ್ತು. ಪರಪುರುಷನೊಬ್ಬನಿಗೆ ಅಷ್ಟು ಹತ್ತಿರ ಪಟ್ಟಿ ಕಟ್ಟಿಕೊಂಡು ನಾನೂ ಹಾರುವುದಿಲ್ಲ, ಮಗಳನ್ನೂ ಹಾರಿಸುವುದಿಲ್ಲ. ಟ್ಯಾಂಡಮ್‌ನಲ್ಲಿ ಪ್ರಯಾಣಿಕರು ಮುಂದೆ, ಪೈಲಟ್ ಹಿಂದೆ. ಆಸನ ಬೇರೆ ಬೇರೆಯಾದರೂ ನಡುವೆ ಒಂದು ಗೇಣು ಜಾಗವೂ ಇರುವುದಿಲ್ಲ. ಅಕ್ಕನ ಮಗ ಮೂರು ಕಡೆ ಫೋನ್ ಮಾಡಿದ. ಎರಡು ಕಡೆ "ಮಹಿಳಾ ಪೈಲಟ್ ಇಲ್ಲ" ಎಂದರು, ಒಬ್ಬರಂತೂ ನಕ್ಕರಂತೆ. ಮೂರನೆಯವರು, "ಪುಣೆಯಿಂದ ಒಬ್ಬಳು ವಾರಾಂತ್ಯಕ್ಕೆ ಬರುತ್ತಾಳೆ, ಮೊದಲೇ ಹೇಳಿದರೆ ನಿಲ್ಲಿಸಿಕೊಳ್ಳುತ್ತೇವೆ" ಎಂದರು. ಕೇಳಿದರೆ ಸಿಗುತ್ತದೆ ಸಹೋದರಿಯರೇ. ಕೇಳಲು ನಾವೇ ಹಿಂಜರಿಯುತ್ತೇವೆ.

ರಮಝಾನ್‌ಗೆ ಎರಡು ವಾರ ಇರುವಾಗ ಹೊರಟೆವು. ತೇರದಾಳ, ಕುಡಚಿ ದಾಟಿ ಮೀರಜ್‌ನಲ್ಲಿ ಅಕ್ಕನ ಮನೆಯಲ್ಲಿ ರಾತ್ರಿ ಕಳೆದು, ನಸುಕಿನಲ್ಲೇ ಎದ್ದು ಸಾಂಗ್ಲಿ, ಕರಾಡ, ಸಾತಾರಾ, ವಾಯಿ. ಈ ದಾರಿಯುದ್ದಕ್ಕೂ ಕೃಷ್ಣೆ ಜೊತೆಗೇ ಇರುತ್ತಾಳೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ನಮ್ಮ ಹಿಪ್ಪರಗಿ ಬ್ಯಾರೇಜಿಗೆ, ಚಿಕ್ಕಪಡಸಲಗಿಗೆ ಬರುವ ನೀರು ಹುಟ್ಟುವುದು ಪಂಚಗಣಿಯ ಪಕ್ಕದ ಮಹಾಬಳೇಶ್ವರದಲ್ಲಿ. ಶಾಲೆಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಬರೆಯುವುದು ಬೇರೆ, ನದಿಯ ಹಿಂದೆ ಹಿಂದಕ್ಕೆ ಹೋಗುವುದು ಬೇರೆ. ವಾಯಿ ದಾಟಿ ಪಸರಣಿ ಘಾಟ್ ಹತ್ತುವಾಗ ಮಗಳು ಕಿಟಕಿಗೆ ಅಂಟಿಕೊಂಡಿದ್ದಳು, ನಾನು ಕಣ್ಣು ಮುಚ್ಚಿದ್ದೆ. (ಹತ್ತಿರದ ಭಿಲಾರ್ ಎಂಬ ಊರನ್ನು 2017ರಲ್ಲಿ ಪುಸ್ತಕಗಳ ಊರಾಗಿ ಮಾಡಿದ್ದಾರೆ. ಹಲವು ಮನೆಗಳಲ್ಲಿ ಪುಸ್ತಕ ಇಟ್ಟಿರುತ್ತಾರೆ, ಯಾರು ಬೇಕಾದರೂ ಕುಳಿತು ಓದಬಹುದು. ನನ್ನನ್ನು ಕೇಳಿದ್ದರೆ ಅಲ್ಲಿಯೇ ಇಳಿದುಬಿಡುತ್ತಿದ್ದೆ.)

ಗುಡ್ಡದ ಅಂಚಿನಲ್ಲಿ ಒಣಹುಲ್ಲಿನ ಇಳಿಜಾರು, ಅದರಾಚೆ ಏನೂ ಇಲ್ಲ. ಒಂದು ಕೋಲಿಗೆ ರಿಬ್ಬನ್ ಕಟ್ಟಿದ್ದರು. ಪೈಲಟ್ ಹುಡುಗಿ ಸಣಕಲಿ, ಮೂವತ್ತರ ಒಳಗಿನವಳು. ನನ್ನ ತೂಕ ಕೇಳಿದಾಗ "ಅರವತ್ತೆಂಟು" ಎಂದು ಮೆಲ್ಲಗೆ ಹೇಳಿದೆ. ಮಗಳು ಹಿಂದಿನಿಂದ "ಎಪ್ಪತ್ತೆರಡು" ಎಂದಳು. ಇದರಲ್ಲಿ ಸುಳ್ಳು ಹೇಳಬಾರದಂತೆ, ಇಬ್ಬರ ತೂಕ ಕೂಡಿಸಿ ರೆಕ್ಕೆ ಆರಿಸುತ್ತಾರೆ.

ಗಾಳಿ ಸರಿಯಿಲ್ಲವೆಂದು ಎರಡು ಗಂಟೆ ಕೂರಿಸಿದರು. ಗಾಳಿ ಕಣಿವೆಯಿಂದ ಇಳಿಜಾರಿಗೆ ನೇರವಾಗಿ ಏರಿ ಬರಬೇಕು. ಹಿಂದಿನಿಂದ ಬಂದರೆ, ಜೋರಾದರೆ, ಒಮ್ಮೆ ಬಿಟ್ಟು ಒಮ್ಮೆ ಬೀಸಿದರೆ ಹಾರುವಂತಿಲ್ಲ. ಪುಣೆಯ ಯುವಕರ ಗುಂಪೊಂದು "ದುಡ್ಡು ಕೊಟ್ಟಿದ್ದೇವೆ" ಎಂದು ಗಲಾಟೆ ಮಾಡಿತು. ಅವಳು ಶಾಂತವಾಗಿ "ದುಡ್ಡು ವಾಪಸ್ ತಗೊಳ್ಳಿ" ಎಂದಳು. ಆ ಒಂದು ಮಾತಿಗೆ ನನ್ನ ಅರ್ಧ ಭಯ ಇಳಿಯಿತು.

ಕಾಯುವಾಗ ಅವಳು ಹುಲ್ಲಿನ ಮೇಲೆ ರೆಕ್ಕೆ ಹರಡಿದಳು. ಸುಮಾರು ನಲವತ್ತು ಚದರ ಮೀಟರ್ ಬಟ್ಟೆ. ನಾನು ತಡೆಯಲಾರದೆ ಹತ್ತಿರ ಹೋಗಿ ಬೆರಳಲ್ಲಿ ಉಜ್ಜಿ ನೋಡಿದೆ. ನಾನು ನೇಕಾರರ ಮಗಳು. ಅಬ್ಬಾ ಬನಹಟ್ಟಿಯಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು, ಕಣ್ಣು ಮುಚ್ಚಿ ಮುಟ್ಟಿ ಹಾಸಿನಲ್ಲಿ ಎಲ್ಲಿ ಎಳೆ ತಪ್ಪಿದೆ ಎಂದು ಹೇಳುತ್ತಿದ್ದರು. ಈ ಬಟ್ಟೆ ನೈಲಾನ್. ಹಾಸಿನಲ್ಲೂ ಹೊಕ್ಕಿನಲ್ಲೂ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದು ದಪ್ಪ ಎಳೆ ಬಿಟ್ಟು ಸಣ್ಣ ಸಣ್ಣ ಚೌಕಳಿಯಾಗಿ ನೇಯ್ದಿದ್ದಾರೆ. ಎಲ್ಲಾದರೂ ಚೂರು ಹರಿದರೆ ಆ ದಪ್ಪ ಎಳೆಯ ಹತ್ತಿರ ಹರಿಯುವುದು ನಿಲ್ಲುತ್ತದೆ. ಗಾಳಿ ತೂರದಂತೆ ಮೇಲೆ ಲೇಪ ಹಚ್ಚಿರುತ್ತಾರೆ. ನಾನು ಇದನ್ನು ಅವಳಿಗೆ ಹೇಳಿದಾಗ ಅವಳು ಬೆರಗಾಗಿ, "ಇದನ್ನು ಯಾರೂ ಮುಟ್ಟಿ ನೋಡುವುದಿಲ್ಲ, ಎಲ್ಲರೂ ಸೆಲ್ಫಿ ತೆಗೆಯುತ್ತಾರೆ" ಎಂದಳು. ಬಿಸಿಲಿಗೆ ಈ ಬಟ್ಟೆ ಬೇಗ ಸಾಯುತ್ತದಂತೆ, ಅದಕ್ಕೇ ಎಷ್ಟು ಗಂಟೆ ಹಾರಿತೆಂದು ಲೆಕ್ಕ ಬರೆದಿಡುತ್ತಾರೆ. ಅವಳ ಪುಸ್ತಕ ಕೇಳಿ ತೆಗೆದುಕೊಂಡು ನೋಡಿದೆ. ಪರವಾನಗಿಯನ್ನೂ ಕೇಳಿದೆ. ಅವಳು ಬೇಸರಪಡಲಿಲ್ಲ. ಗಾಳಿಪಟದ ದಾರದಷ್ಟೇ ತೆಳುವಾಗಿ ಕಾಣುವ ಮುಖ್ಯ ದಾರಗಳು ಒಂದೊಂದೂ ನೂರು ಕಿಲೋಗಿಂತ ಹೆಚ್ಚು ತಡೆಯುತ್ತವೆ. ಆಸನದಲ್ಲಿ ಇನ್ನೊಂದು ಪ್ಯಾರಾಚೂಟ್ ಮಡಚಿ ಇಟ್ಟಿರುತ್ತಾರೆ, ರೆಕ್ಕೆ ಕೈಕೊಟ್ಟರೆ ಎಸೆಯಲು.

ಈ ಆಟ ಹುಟ್ಟಿದ್ದು 1978ರಲ್ಲಿ, ಫ್ರಾನ್ಸಿನ ಮಿಯುಸಿ ಎಂಬ ಗುಡ್ಡದ ಊರಿನಲ್ಲಿ. ವಿಮಾನದಿಂದ ಜಿಗಿಯಲು ದುಡ್ಡು ಸಾಲದ ಪ್ಯಾರಾಚೂಟಿನವರು ಗುಡ್ಡದಿಂದಲೇ ಓಡಿ ನೋಡಿದರಂತೆ. ನನಗೆ ನೆನಪಾದದ್ದು ನಮ್ಮ ಉಸ್ತಾದರು ಮದ್ರಸಾದಲ್ಲಿ ಹೇಳಿದ ಅಬ್ಬಾಸ್ ಇಬ್ನ್ ಫಿರ್ನಾಸ್. ಒಂಬತ್ತನೇ ಶತಮಾನದಲ್ಲಿ ಸ್ಪೇನ್‌ನ ಕುರ್ತುಬಾದಲ್ಲಿ ಗರಿ ಕಟ್ಟಿಕೊಂಡು ಹಾರಿದವರು. ಹಾರಿದರು, ಇಳಿಯುವಾಗ ಬೆನ್ನಿಗೆ ಬಲವಾದ ಪೆಟ್ಟು ಮಾಡಿಕೊಂಡರು. ಹಕ್ಕಿ ಇಳಿಯುವಾಗ ಬಾಲ ಬಳಸುತ್ತದೆ, ಅವರು ಬಾಲ ಕಟ್ಟಿಕೊಳ್ಳುವುದನ್ನು ಮರೆತಿದ್ದರೆಂದು ಇತಿಹಾಸಕಾರ ಅಲ್-ಮಕ್ಕರಿ ಬರೆದಿದ್ದಾರೆ. ಆ ಹೊತ್ತಿನಲ್ಲಿ ಈ ಕಥೆ ನೆನಪಾಗಬಾರದಿತ್ತು.

ಉಡುಪಿನ ಬಗ್ಗೆ ಕೇಳುವವರಿದ್ದೀರಿ. ಬುರ್ಖಾ ಹಾಕಿಕೊಂಡು ಓಡಲಾಗದು, ಕಾಲಿಗೆ ತೊಡರುತ್ತದೆ, ತೊಡೆಯ ಪಟ್ಟಿಯೂ ಸರಿ ಕೂರುವುದಿಲ್ಲ. ನಾನು ಅಗಲವಾದ ಸಲ್ವಾರ್, ಮೊಣಕಾಲಿನವರೆಗಿನ ದೊಗಲೆ ಕೋಟು, ತಲೆಗೆ ಪಿನ್ ಹಾಕಿ ಬಿಗಿದ ಸ್ಕಾರ್ಫ್, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡಿದ್ದೆ. ಸ್ಕಾರ್ಫಿನ ತುದಿಗಳನ್ನು ಕೋಟಿನ ಒಳಗೆ ಸೇರಿಸಿದ್ದೆ.

ಗಾಳಿ ಸರಿಹೋಯಿತು. ಎದೆಯ ಪಟ್ಟಿ, ಎರಡೂ ತೊಡೆಯ ಪಟ್ಟಿ, ಎರಡು ಕೊಕ್ಕೆ. ಅವಳು ಒಮ್ಮೆ ನೋಡಿ, ಕೈಯಿಂದ ಎಳೆದು, ಮತ್ತೊಮ್ಮೆ ಎಣಿಸಿದಳು. "ಓಡು ಅಂದರೆ ಓಡಬೇಕು. ನಾನು ಹೇಳುವ ತನಕ ಕೂರಬಾರದು. ಜನ ಹೆದರಿ ಅಂಚಿನಲ್ಲೇ ಕೂತುಬಿಡುತ್ತಾರೆ, ಆಗಲೇ ಪೆಟ್ಟಾಗುವುದು." ನಾನು ಬಿಸ್ಮಿಲ್ಲಾಹ್ ಹೇಳಿದೆ. ರೆಕ್ಕೆ ನನ್ನನ್ನು ಹಿಂದಕ್ಕೆ ಎಳೆಯಿತು, ಥೇಟ್ ಮಾಳಿಗೆಯ ಮೇಲಿನ ಗಾಳಿಪಟದಂತೆ. "ಓಡು!" ಓಡಿದೆ. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಆರನೆಯದಕ್ಕೆ ನೆಲವಿರಲಿಲ್ಲ.

ಕಿರುಚಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು, ಮೆಲ್ಲಗೆ ಕಣ್ಣು ತೆರೆದಾಗ ಕಾಲು ನಡುಗುತ್ತಿರಲಿಲ್ಲ ಎಂಬುದು. ಏಣಿಯ ಮೇಲೆ ನಿಂತಾಗ ಗೋಡೆ ಕೆಳಗಿನವರೆಗೂ ಕಾಣುತ್ತದೆ, ಆಳ ಅಳೆಯಲು ಬರುತ್ತದೆ. ಇಲ್ಲಿ ನನಗೂ ನೆಲಕ್ಕೂ ನಡುವೆ ಯಾವುದೂ ಇರಲಿಲ್ಲ. ಅಳೆಯಲಾಗದೆ ಭಯವೇ ಸುಮ್ಮನಾಯಿತೇನೋ. ಗಾಳಿಯ ಸದ್ದು, ಪೈಲಟ್‌ಳ ಸಣ್ಣ ಯಂತ್ರದ ಪೀಪ್ ಪೀಪ್. ಮೇಲೇರುವಾಗ ಅದು ಬೇಗ ಬೇಗ ಕೂಗುತ್ತದೆ. ನಮ್ಮ ಎಡಕ್ಕೆ ಒಂದು ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. "ಅಲ್ಲಿ ಬಿಸಿಗಾಳಿ ಏರುತ್ತಿದೆ, ಅದಕ್ಕೆ ಗೊತ್ತು" ಎಂದು ಅವಳೂ ಅತ್ತ ತಿರುಗಿಸಿದಳು. ಸೂರಃ ಅಲ್-ಮುಲ್ಕ್‌ನಲ್ಲಿ ಬಾನಿನಲ್ಲಿ ರೆಕ್ಕೆ ಹರಡಿದ ಹಕ್ಕಿಗಳ ಪ್ರಸ್ತಾಪವಿದೆ. ಎಷ್ಟು ವರ್ಷಗಳಿಂದ ರಾತ್ರಿ ಮಲಗುವ ಮುನ್ನ ಓದುತ್ತಿದ್ದೇನೆ, ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೇನೆ. ಆ ಹಕ್ಕಿಯನ್ನು ಅದರ ಬೆನ್ನಿನ ಮಟ್ಟದಲ್ಲಿ ನೋಡುವೆನೆಂದು ಎಣಿಸಿರಲಿಲ್ಲ. ಗಂಟಲು ಕಟ್ಟಿತು.

ಕೆಳಗೆ ಧೋಮ್ ಅಣೆಕಟ್ಟೆಯ ನೀರು, ಅದರಾಚೆ ಹೊಲಗಳ ನಡುವೆ ಒಂದು ಸಣ್ಣ ಹೊಳೆಯುವ ಗೆರೆ. "ಅದು?" ಎಂದೆ. "ಕೃಷ್ಣಾ" ಎಂದಳು.

ಹನ್ನೆರಡು ನಿಮಿಷ. ಇಳಿಯುವಾಗ ಕಾಲು ಮುಂದೆ ಚಾಚಿ ಎಂದಳು, ಗೋಧಿ ಕೊಯ್ದ ಹೊಲವೊಂದರಲ್ಲಿ ಇಬ್ಬರೂ ಕೂತೇ ಜಾರಿದೆವು. ಬೆನ್ನು ಮುಟ್ಟಿ ನೋಡಿಕೊಂಡೆ. ಅಲ್‌ಹಮ್ದುಲಿಲ್ಲಾಹ್, ಇಬ್ನ್ ಫಿರ್ನಾಸ್‌ಗೆ ಆದದ್ದು ನನಗಾಗಲಿಲ್ಲ.

ಜೀಪು ಮೇಲೆ ಹತ್ತುವಷ್ಟರಲ್ಲಿ ರಿಬ್ಬನ್ ಅಡ್ಡಾದಿಡ್ಡಿ ಹಾರುತ್ತಿತ್ತು. ಪೈಲಟ್ ಹುಡುಗಿ ಹತ್ತು ನಿಮಿಷ ನೋಡಿ ರೆಕ್ಕೆ ಮಡಚತೊಡಗಿದಳು. "ಇವತ್ತು ಸಾಕು." ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದ ನನ್ನ ಮಗಳು ಅದನ್ನು ತೆಗೆದು ಹುಲ್ಲಿನ ಮೇಲಿಟ್ಟಳು. ಅವಳಿಗಾಗಿ ನೋಡಲು ಹೋದವಳು ಅವಳ ಪಾಲನ್ನೇ ಉಂಡು ಬಂದಂತಾಗಿತ್ತು. ಇನ್ನೊಬ್ಬ ಪೈಲಟ್ "ನಾನು ಕರೆದುಕೊಂಡು ಹೋಗುತ್ತೇನೆ, ಏನೂ ಆಗಲ್ಲ" ಎಂದ. ನಾನು ಬಾಯಿ ತೆರೆಯುವ ಮೊದಲೇ ಮಗಳು "ಬೇಡ ಭಯ್ಯಾ, ಗಾಳಿ ಸರಿಯಿಲ್ಲ" ಎಂದಳು. ಅವಳು ಆ ಎರಡು ಗಂಟೆ ಸುಮ್ಮನೆ ಕುಳಿತಿರಲಿಲ್ಲ, ರಿಬ್ಬನ್ ನೋಡುವುದನ್ನು ಕಲಿತಿದ್ದಳು.

ವಾಪಸ್ ಬರುವಾಗ ಕರಾಡದವರೆಗೂ ಮಾತಿಲ್ಲ. ಆಮೇಲೆ ಕೇಳಿದಳು, "ಹ್ಯಾಂಗಿತ್ತು ಅಮ್ಮೀ?" ಸುಳ್ಳು ಹೇಳಲಾಗಲಿಲ್ಲ. ಮಾಳಿಗೆಯ ಕಥೆ ಹೇಳಿದೆ, ಅವಳಿಗೆ ಅದನ್ನು ಎಂದೂ ಹೇಳಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅವಳ ಅಬ್ಬಾ ರೇಡಿಯೊ ಸಣ್ಣ ಮಾಡಿದರು.

ಮನೆಗೆ ಬಂದಾಗ ಅತ್ತೆ ಬೈಯುತ್ತಾರೆಂದು ಹೆದರಿದ್ದೆ. ಅವರದು ಬೀಳಗಿ ತಾಲೂಕಿನ ಒಂದು ಹಳ್ಳಿ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿಹೋಯಿತು. 2019ರ ಆಗಸ್ಟ್ ಪ್ರವಾಹದಲ್ಲಿ ಮುಧೋಳದ ಅವರ ತಂಗಿಯ ಮನೆಗೆ ಘಟಪ್ರಭೆಯ ನೀರು ನುಗ್ಗಿದಾಗ ಆಕೆ ನಮ್ಮಲ್ಲಿ ಇಪ್ಪತ್ತು ದಿನ ಇದ್ದರು. ಹೊಳೆ ಎಂದರೆ ಅತ್ತೆಗೆ ಸಿಟ್ಟು. ಮಗಳು ಫೋನ್ ಹಿಡಿದು ಧೋಮ್ ಕೆಳಗಿನ ಆ ಗೆರೆಯನ್ನು ತೋರಿಸಿ, "ದಾದೀ, ಇದ ನೋಡ್ರಿ ಕೃಷ್ಣಾ" ಎಂದಳು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟ ಐತೇನ?" ಎಂದರು. "ಇಷ್ಟ ಸಣ್ಣದೇನ ನಮ್ಮ ಊರ ನುಂಗಿದ್ದು?"

ಮಳೆಗಾಲದಲ್ಲಿ ಅಲ್ಲಿ ಹಾರುವುದಿಲ್ಲ. ಮಳೆ ಮುಗಿದ ಮೇಲೆ ಆ ಪೈಲಟ್ ಹುಡುಗಿ ಯಾವ ಶನಿವಾರ ಬರುತ್ತಾಳೆಂದು ಮಗಳೇ ಫೋನ್ ಮಾಡಿ ಕೇಳಿಟ್ಟುಕೊಳ್ಳುವವಳಿದ್ದಾಳೆ. ನನ್ನದು ಒಂದೇ ಷರತ್ತು. ತೊಡೆಯ ಪಟ್ಟಿ ಎರಡೂ, ಎದೆಯ ಪಟ್ಟಿ, ಕೊಕ್ಕೆ ಎರಡೂ ನಾನೇ ಕೈಯಿಂದ ಎಳೆದು ನೋಡಬೇಕು. ಅವಳು ಒಪ್ಪಿದ್ದಾಳೆ. ಅತ್ತೆಯೂ ಬರುತ್ತೇನೆ ಎನ್ನುತ್ತಿದ್ದಾರೆ, ಹಾರಲಿಕ್ಕಲ್ಲ, ಮಹಾಬಳೇಶ್ವರಕ್ಕೆ ಹೋಗಿ ಹೊಳೆ ಎಲ್ಲಿಂದ ಹೊರಡುತ್ತದೆಂದು ನೋಡಲಿಕ್ಕೆ.