ಅಕ್ಕ ಕೇಳಿದ ಪ್ರಶ್ನೆಗಳು

ನಮ್ಮಕ್ಕ ಬೀಡಿ ಸಿಗರೇಟಿನ ಹೊಗೆ ಕಂಡರೆ ಮೂಗು ಮುಚ್ಚುವವಳು. ಅವಳಿಗೇ ಶ್ವಾಸಕೋಶದ ಕ್ಯಾನ್ಸರ್ ಬಂತು. ಡಾಕ್ಟರು, "ಯಾವುದಾದರೂ ಟ್ರಯಲ್‌ಗೆ ಸೇರಬಹುದೇನೋ ನೋಡಿ" ಎಂದಾಗ ಭಾವ ಕೆರಳಿದರು. "ಪ್ರಯೋಗ ಮಾಡೋದಕ್ಕೆ ಇವಳೇನು ಇಲಿಯೇ?" ಹುಡುಕುವ ಕೆಲಸ, ಮೇಷ್ಟರಮ್ಮನೆಂದು, ನನ್ನ ಪಾಲಿಗೆ ಬಂತು.

ಐಸಿಎಂಆರ್‌ನವರ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ 2007ರಿಂದ ಇದೆ. 2009ರ ಜೂನ್‌ನಿಂದ ಅಲ್ಲಿ ನೋಂದಣಿ ಕಡ್ಡಾಯ. ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ನೋಡಬಹುದು. ಯಾವ ಊರು, ಯಾವ ಆಸ್ಪತ್ರೆ, ಎಂಥವರನ್ನು ಸೇರಿಸುತ್ತಾರೆ, ಎಂಥವರನ್ನು ಬಿಡುತ್ತಾರೆ ಎಲ್ಲವೂ ಇರುತ್ತದೆ, ಇಂಗ್ಲಿಷಿನಲ್ಲಿ! ಗೆಡ್ಡೆಯ ಪರೀಕ್ಷೆಯ ವರದಿ ಕೈಯಲ್ಲಿರಬೇಕು. ಅಕ್ಕನದರಲ್ಲಿ ಇಜಿಎಫ್ಆರ್ ಎಂಬ ಜೀನಿನಲ್ಲಿ ಬದಲಾವಣೆ ಇತ್ತು. ಬೀಡಿ ಸಿಗರೇಟು ಸೇದದ ಹೆಂಗಸರಲ್ಲಿ ಇದು ಹೆಚ್ಚಂತೆ.

ಭಾವನಿಗೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಪ್ರಯೋಗದ ಕಥೆ ಹೇಳಿದೆ. ಇಂಥದೇ ಬದಲಾವಣೆಯಿದ್ದ 350 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಜೆಫಿಟಿನಿಬ್ ಮಾತ್ರೆ, ಇನ್ನೊಂದಕ್ಕೆ ಮಾತ್ರೆಯ ಜೊತೆಗೆ ಕೀಮೋ. ಬರಿಗೈಯಲ್ಲಿ ಕಳಿಸಿದ್ದು ಯಾರನ್ನೂ ಅಲ್ಲ. ರೋಗ ಹಿಡಿತದಲ್ಲಿದ್ದ ಕಾಲ ಸುಮಾರು 8 ತಿಂಗಳಿದ್ದದ್ದು, ಕೀಮೋ ಸೇರಿದವರಲ್ಲಿ 16 ಆಯಿತು. ತೀವ್ರ ಅಡ್ಡಪರಿಣಾಮವೂ ನೂರಕ್ಕೆ 25ರಿಂದ 51ಕ್ಕೆ ಏರಿತು. ಇದು 2020ರಲ್ಲಿ ಅಚ್ಚಾಯಿತು. ಭಾವ ಎರಡನೆಯ ಲೆಕ್ಕವನ್ನೇ ಹಿಡಿದು ಕೂತರು. ಅದೂ ತಪ್ಪಲ್ಲ ಅನ್ನಿ.

ಅಕ್ಕನಿಗೆ ಹೊಂದುವಂಥದು ಒಂದು ಸಿಕ್ಕಿತು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು, ಆದರೆ ಆ ಕನ್ನಡ! ಸಾಲುಸಾಲಾಗಿ ಬಿಡಿಸಿ ಹೇಳಬೇಕಾಯಿತು. ಅವಳು ಕೇಳಿದ ಪ್ರಶ್ನೆಗಳು ನನಗೇ ಹೊಳೆದಿರಲಿಲ್ಲ. "ನಡುವೆ ಸಾಕೆನಿಸಿದರೆ?" ಯಾವಾಗ ಬೇಕಾದರೂ ಬಿಡಬಹುದು, ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. "ಏನಾದರೂ ಆದರೆ?" ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕೆಂದು 2019ರ ನಿಯಮಗಳಲ್ಲಿದೆ. "ಎಷ್ಟು ಸಲ ಬಸ್ಸು ಹತ್ತಬೇಕು?" ಇದಕ್ಕೆ ಪತ್ರದಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿ ಕೇಳಿದೆ. ಮೂರು ವಾರಕ್ಕೊಮ್ಮೆ ಎಂದರು.

ಮೂರು ದಿನ ಯೋಚಿಸಿ ಅಕ್ಕ ಸಹಿ ಹಾಕಿದಳು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಅಂಕಿ ಅವರು ಹೇಳಿದ ಮಿತಿಯೊಳಗೆ ಬರಲಿಲ್ಲ. ಸೇರಿಸಿಕೊಳ್ಳಲಿಲ್ಲ. ಅವಳ ಮಾಮೂಲಿ ಮಾತ್ರೆ ಈಗಲೂ ನಡೆಯುತ್ತಿದೆ. ಅವತ್ತು ಆಸ್ಪತ್ರೆಯಲ್ಲಿ, "ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ಬಿಡ್ತೀರಿ?" ಎಂದು ಡಾಕ್ಟರ ಜೊತೆ ಜಗಳಕ್ಕೆ ನಿಂತವರು ಭಾವ.