ಕಿಡ್ನಿ ರೋಗಿಯನ್ನು ನೋಡಲು ಹೋಗುವ ಮುನ್ನ

ನಮ್ಮ ರಾವಂದೂರು ಕಡೆ ಯಾರಿಗಾದರೂ ಹುಷಾರಿಲ್ಲ ಅಂದರೆ ಬರಿಗೈಯಲ್ಲಿ ನೋಡಲು ಹೋಗುವುದಿಲ್ಲ. ಎಳನೀರು, ಬಾಳೆಹಣ್ಣು ಹಿಡಿದೇ ಹೋಗುತ್ತೇವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇವೆರಡೂ ಅಪಾಯ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಕಿಡ್ನಿ ಅದನ್ನು ಹೊರಹಾಕದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಡಾಕ್ಟರು ಪಥ್ಯ ಹೇಳುವುದು ರೋಗಿಗೆ. ಆದರೆ ಅಡುಗೆ ಮಾಡುವವರು ಮನೆಯವರು, ಬಲವಂತ ಮಾಡುವವರು ನೆಂಟರು. "ಒಂದು ಲೋಟ ಮಜ್ಜಿಗೆ ಕುಡಿಯಣ್ಣ, ಏನೂ ಆಗಲ್ಲ" ಅನ್ನುವವರು ನಾವೇ. ಮೂತ್ರ ಕಡಿಮೆಯಾದವರಿಗೆ ಮಜ್ಜಿಗೆ, ಕಾಫಿ, ಸಾರು ಎಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ಮೈಯಲ್ಲಿ ನೀರು ತುಂಬಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ.

ಇನ್ನೊಂದು ವಿಷಯ. ಹೊಗೆಸೊಪ್ಪು ಮುರಿದು, ಬ್ಯಾರನ್ ಮುಂದೆ ನಿದ್ದೆಗೆಟ್ಟು ಮೈಕೈ ನೋವಾದಾಗ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇವೆ. ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ದಿನವೂ ನುಂಗಿದರೆ ಕಿಡ್ನಿಗೆ ಪೆಟ್ಟು. ಶುಗರ್, ಬಿಪಿ ಇದ್ದವರಿಗೆ ಇನ್ನೂ ಹೆಚ್ಚು. ಕಿಡ್ನಿ ಅರ್ಧ ಕೆಟ್ಟರೂ ನೋವು ಕಾಣದು. ಅದಕ್ಕೇ ಶುಗರ್, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ರಕ್ತಪರೀಕ್ಷೆ, ಮೂತ್ರ ಪರೀಕ್ಷೆ ಮಾಡಿಸಬೇಕು.

ಬಡವರಿಗೆ ಉಚಿತ ಡಯಾಲಿಸಿಸ್ ಕೊಡಲು ಕೇಂದ್ರ ಸರ್ಕಾರ 2016ರಲ್ಲಿ ಯೋಜನೆ ತಂದಿತು. ಚಿಕಿತ್ಸೆಗೆ ದುಡ್ಡಿಲ್ಲ ನಿಜ. ಆದರೆ ವಾರಕ್ಕೆ 2-3 ದಿನ, ಪ್ರತಿ ಸಲ ಸುಮಾರು 4 ಗಂಟೆ ಮಲಗಬೇಕು. ಅಷ್ಟು ದಿನ ರೋಗಿಯದೂ ಕೂಲಿ ಹೋಯಿತು, ಜೊತೆಗೆ ಹೋದವರದೂ ಹೋಯಿತು.

ಹಾಗಾಗಿ ನೋಡಲು ಹೋಗುವವರು ಏನು ತರಲಿ ಎಂದು ಮನೆಯವರನ್ನೇ ಕೇಳೋಣ. ಡಯಾಲಿಸಿಸ್ ದಿನ ಅವರ ಜೊತೆ ಒಬ್ಬರು ಹೋದರೆ, ಇಲ್ಲವೇ ಅವರ ಹಸುವಿಗೆ ಹುಲ್ಲು ಹಾಕಿ ಹಾಲು ಕರೆದುಕೊಟ್ಟರೆ, ಎಳನೀರಿಗಿಂತ ಅದು ಮೇಲು.